ನೆಲ ಬಿಡದ ವಿಮಾನ: ದುರ್ಗದ ಸೀಮೆಯ ಹವ್ಯಾಸಿಗಳು ಕಲಿತದ್ದು

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಎಂದರೆ ನೆಲದ ಮೇಲೆ ನಿಂತವರ ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಸಂಕೇತಕ್ಕೆ ತಕ್ಕಂತೆ ಹಾರುವ, ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್ ರೆಕ್ಕೆಯಗಲದ ಪುಟ್ಟ ವಿಮಾನ. ಇದನ್ನು ಕಟ್ಟಿ ಹಾರಿಸುವವರ ಪಾಲಿಗೆ ವಿಮಾನ ಬಿದ್ದು ಮುರಿಯುವುದು ಎಲ್ಲರ ಕಣ್ಣಿಗೂ ಬೀಳುವ ಸೋಲಾದರೆ, ಅದು ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಓಡಿಯೂ ನೆಲ ಬಿಡದೆ ಬೇಲಿಯ ಬಳಿ ನಿಂತುಬಿಡುವುದು ಕಾರಣವೇ ತಿಳಿಯದ ಸೋಲು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಗಳ ನಡುವಿನ ಬಯಲುಗಳಲ್ಲಿ ಈ ಹವ್ಯಾಸವನ್ನು ಹಚ್ಚಿಕೊಂಡಿದ್ದ ಕೆಲವೇ ಜನರ ನೆನಪಿನಲ್ಲಿ ಈ ಎರಡನೆಯ ಬಗೆಯ ಸೋಲುಗಳೇ ಹೆಚ್ಚು ಉಳಿದಿವೆ. ಅವುಗಳ ಕಾರಣ ಹುಡುಕುತ್ತ ಹೋದವರಿಗೆ ವಿಮಾನದ ಜೊತೆಗೆ ತಮ್ಮ ಸೀಮೆಯ ಮಣ್ಣು, ಗಾಳಿ ಮತ್ತು ಬಿಸಿಲಿನ ಗುಣವೂ ಅರ್ಥವಾಯಿತು ಎಂಬುದೇ ಆ ನೆನಪುಗಳಿಗೆ ಇರುವ ಬೆಲೆ.

ತೊಂಬತ್ತರ ದಶಕದ ಕೊನೆ ಮತ್ತು ಅನಂತರದ ಕೆಲವು ವರ್ಷಗಳಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಹೆಚ್ಚಾಗಿ ವಿಜ್ಞಾನದ ಮೇಷ್ಟರುಗಳು, ಮೋಟಾರು ವೈಂಡಿಂಗ್ ಅಂಗಡಿಯವರು, ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿತು ಊರಿಗೆ ಮರಳಿದ ಯುವಕರು. ಅತಿ ಹಗುರವಾದ ಬಾಲ್ಸಾ ಮರದ ಹಾಳೆ, ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನದಿಂದ ಓಡುವ ಗ್ಲೋ ಎಂಜಿನ್, ರೇಡಿಯೊ ಸೆಟ್ಟು ಇವೆಲ್ಲ ಬೆಂಗಳೂರಿನಿಂದಲೇ ಬರಬೇಕಾಗಿದ್ದುದರಿಂದ, ಊರಿನಲ್ಲಿ ಸಿಗುವ ಸೈಕಲ್ ಕಡ್ಡಿ ಗಾಲಿಗಳ ಕಾಲಾಗುತ್ತಿತ್ತು, ಥರ್ಮೋಕೋಲ್ ರೆಕ್ಕೆಯ ಒಡಲಾಗುತ್ತಿತ್ತು, ಮುರಿದ ಭಾಗವನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ ಮತ್ತೆ ಬಯಲಿಗೆ ಒಯ್ಯುವುದು ವಾಡಿಕೆಯಾಗಿತ್ತು. ಹೀಗೆ ರಿಪೇರಿಯಾಗುತ್ತ ಹೋದ ವಿಮಾನ ಪ್ರತಿ ಸಲವೂ ಒಂದಿಷ್ಟು ತೂಕವನ್ನು ಹೊತ್ತುಕೊಳ್ಳುತ್ತದೆ ಎಂಬುದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಲದ ಕಡೆ ಹಚ್ಚಿದ ಅಂಟಿನ ತೂಕವನ್ನು ಸರಿತೂಗಿಸಲು ಮೂತಿಯಲ್ಲಿ ಅದರ ಎರಡು ಮೂರು ಪಟ್ಟು ಸೀಸವನ್ನು ಸೇರಿಸಬೇಕಾಗುತ್ತಿದ್ದುದರಿಂದ, ಕಟ್ಟಿದಾಗ ಎರಡು ಕಿಲೋ ಇದ್ದ ವಿಮಾನ ಕ್ರಮೇಣ ಎರಡೂವರೆ ಕಿಲೋ ಮುಟ್ಟುವುದು ಅಪರೂಪವೇನಾಗಿರಲಿಲ್ಲ.

ವಿಮಾನ ನೆಲ ಬಿಡುವುದಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು: ರೆಕ್ಕೆಯ ಮೇಲೆ ಹರಿಯುವ ಗಾಳಿಗೆ ಸಾಕಷ್ಟು ವೇಗವಿರಬೇಕು ಮತ್ತು ರೆಕ್ಕೆ ಆ ಗಾಳಿಯನ್ನು ಸರಿಯಾದ ಕೋನದಲ್ಲಿ ಎದುರಿಸಬೇಕು. ಇವೆರಡರಿಂದ ಹುಟ್ಟುವ ಎತ್ತುವ ಬಲ ವಿಮಾನದ ತೂಕವನ್ನು ಮೀರಿದಾಗ ಗಾಲಿಗಳು ನೆಲ ಬಿಡುತ್ತವೆ. ಆದರೆ ಈ ಬಲ ಗಾಳಿಯ ಸಾಂದ್ರತೆಯನ್ನು, ಎಂದರೆ ಒಂದು ಘನಮೀಟರ್ ಜಾಗದಲ್ಲಿರುವ ಗಾಳಿಯ ತೂಕವನ್ನು ಕೂಡ ಅವಲಂಬಿಸಿದೆ, ಮತ್ತು ದುರ್ಗದ ಸೀಮೆ ಮಾದರಿ ವಿಮಾನಕ್ಕೆ ಒಡ್ಡುವ ಮೊದಲ ಅಡ್ಡಿ ಇರುವುದು ಇಲ್ಲಿಯೇ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿ ಘನಮೀಟರಿಗೆ 1.225 ಕಿಲೋ ತೂಗುತ್ತದೆ. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ, ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲಿನಲ್ಲಿ, ಅದೇ ಒಂದು ಘನಮೀಟರ್ ಗಾಳಿ ಸುಮಾರು 1.05 ಕಿಲೋ ಮಾತ್ರ ತೂಗುತ್ತದೆ. ವಿಮಾನದ ದೃಷ್ಟಿಯಿಂದ ನೋಡಿದರೆ ಆ ಹೊತ್ತಿನಲ್ಲಿ ಊರು 730 ಮೀಟರಿನಲ್ಲಿ ಇರದೆ ಸುಮಾರು 1,600 ಮೀಟರ್ ಎತ್ತರಕ್ಕೆ ಏರಿ ಕೂತಂತೆಯೇ ಸರಿ. ವಿಮಾನಯಾನದ ಪರಿಭಾಷೆಯಲ್ಲಿ ಇದಕ್ಕೆ ಸಾಂದ್ರತಾ ಎತ್ತರ ಎನ್ನುತ್ತಾರೆ.

ಈ ಲೆಕ್ಕದ ಪರಿಣಾಮವನ್ನು ಎರಡೂವರೆ ಕಿಲೋ ತೂಕದ, ಅರ್ಧ ಚದರ ಮೀಟರಿಗಿಂತ ತುಸು ಕಡಿಮೆ ರೆಕ್ಕೆಯಿರುವ ತರಬೇತಿ ಮಾದರಿಯೊಂದಕ್ಕೆ ಅನ್ವಯಿಸಿ ನೋಡಬಹುದು. ಸಮುದ್ರತೀರದಲ್ಲಿ ಅದು ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ನೆಲ ಬಿಡುವುದಾದರೆ, ದುರ್ಗದ ಬೇಸಿಗೆಯಲ್ಲಿ ಸುಮಾರು 40 ಕಿಲೋಮೀಟರ್ ವೇಗ ಬೇಕಾಗುತ್ತದೆ. ವೇಗದಲ್ಲಿನ ಈ ಅಂತರ ಸಣ್ಣದಾಗಿ ಕಂಡರೂ, ತೆಳುವಾದ ಗಾಳಿಯಲ್ಲಿ ಪ್ರೊಪೆಲ್ಲರಿನ ನೂಕುಬಲವೂ ಸಾಂದ್ರತೆ ಇಳಿದ ಪ್ರಮಾಣದಲ್ಲಿಯೇ ಕುಗ್ಗುವುದರಿಂದ, ನೆಲದ ಮೇಲಿನ ಓಟ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಉದ್ದವಾಗುತ್ತದೆ. ಮಂಗಳೂರಿನ ಕಡಲತಡಿಯಲ್ಲಿ ಮೂವತ್ತು ಮೀಟರ್ ಓಡಿ ಏರಿದ ವಿಮಾನ ಇಲ್ಲಿ ನಲವತ್ತು ಮೀಟರ್ ದಾಟಿಯೂ ಓಡುತ್ತಲೇ ಇದ್ದರೆ ಅದನ್ನು ದೋಷವೆನ್ನಲಾಗದು. ಬೇರೆ ಊರಿನಲ್ಲಿ ಚೆನ್ನಾಗಿ ಹಾರಿದ ವಿಮಾನವನ್ನು ತಂದು ಇಲ್ಲಿ ಓಡಿಸಿದವರು ಗೊಂದಲಕ್ಕೆ ಬೀಳುತ್ತಿದ್ದುದಕ್ಕೆ ಇದೇ ಕಾರಣವಾಗಿತ್ತು.

ಆದರೂ ನೆಲ ಬಿಡದ ಎಲ್ಲ ವಿಮಾನಗಳ ಹೊಣೆಯನ್ನೂ ಗಾಳಿಯ ತಲೆಗೆ ಕಟ್ಟುವಂತಿರಲಿಲ್ಲ. ಹವ್ಯಾಸಿಗಳ ಮೊದಲ ಅನುಮಾನ ಹೋಗುತ್ತಿದ್ದುದು ಎಂಜಿನ್ನಿನ ಕಡೆಗೆ. ಇಂಧನದ ಸೂಜಿ ಕವಾಟವನ್ನು ತಿರುಗಿಸುವುದು, ಪ್ಲಗ್ ಬದಲಿಸುವುದು, ಕೊನೆಗೆ ದೊಡ್ಡ ಎಂಜಿನ್ ತರಿಸುವ ಮಾತಾಡುವುದು, ಇದು ನಡೆದುಕೊಂಡು ಬಂದ ಕ್ರಮ. ಈ ಕ್ರಮವನ್ನು ಬದಲಿಸಿದ್ದು ಹಳ್ಳಿಯ ಸಂತೆಗಳಲ್ಲಿ ತೂಕಕ್ಕೆ ಬಳಸುವ ಸ್ಪ್ರಿಂಗ್ ತಕ್ಕಡಿ. ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ, ಆ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿದ ತಕ್ಕಡಿಯ ಕೊಕ್ಕೆಗೆ ಹಾಕಿ, ಎಂಜಿನ್ನನ್ನು ಪೂರ್ತಿ ತೆರೆದರೆ ನಿಂತಲ್ಲಿ ಸಿಗುವ ನೂಕುಬಲ ಎಷ್ಟೆಂಬುದು ಮುಳ್ಳಿನಲ್ಲಿಯೇ ಕಾಣುತ್ತದೆ. ತರಬೇತಿ ಮಾದರಿಗೆ ಇದು ವಿಮಾನದ ತೂಕದ ಅರ್ಧಕ್ಕಿಂತ ಹೆಚ್ಚಿದ್ದರೆ ಗಟ್ಟಿ ನೆಲದಿಂದ ಏರಲು ಬಲದ ಕೊರತೆಯಿಲ್ಲವೆಂದೇ ಅರ್ಥ. ಅದೇ ತಕ್ಕಡಿಯನ್ನು ವಿಮಾನದ ಮೂತಿಗೆ ಕಟ್ಟಿ, ಎಂಜಿನ್ ನಿಲ್ಲಿಸಿ, ವಿಮಾನವನ್ನು ಮೆಲ್ಲಗೆ ನೆಲದ ಮೇಲೆ ಎಳೆದುಕೊಂಡು ನಡೆದರೆ ಗಾಲಿಗಳಿಗೆ ನೆಲ ಒಡ್ಡುವ ತಡೆಯೂ ತಿಳಿಯುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಬಹಳಷ್ಟು ಸಲ ಅಪರಾಧಿ ಎಂಜಿನ್ನಲ್ಲ, ನೆಲ ಎಂಬುದು ಬಯಲಾಗುತ್ತಿತ್ತು. ಸಿಮೆಂಟು ನೆಲದ ಮೇಲೆ ಎರಡೂವರೆ ಕಿಲೋ ವಿಮಾನವನ್ನು ಎಳೆಯಲು ನೂರು ಗ್ರಾಂ ಬಲ ಸಾಕಾಗಬಹುದು; ಸಡಿಲ ಮಣ್ಣಿನಲ್ಲಿ ಅದಕ್ಕೆ ಆರುನೂರು ಗ್ರಾಂ ಬೇಕಾದರೆ, ಒಂದೂವರೆ ಕಿಲೋ ನೂಕುಬಲದಲ್ಲಿ ಶೇಕಡಾ 40ರಷ್ಟನ್ನು ಮಣ್ಣೇ ತಿಂದುಹಾಕುತ್ತದೆ.

ಈ ನಾಲ್ಕು ತಾಲ್ಲೂಕುಗಳ ನೆಲವಾದರೂ ಒಂದೇ ಬಗೆಯದಲ್ಲ. ಹಿರಿಯೂರು ಕಡೆಯ ಎರೆಭೂಮಿ, ಎಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು, ಮಳೆ ಬಿದ್ದರೆ ಗಾಲಿಗೆ ಅಂಟಿಕೊಳ್ಳುತ್ತದೆ ಮತ್ತು ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಗಾಲಿಯನ್ನು ನುಂಗುತ್ತದೆ. ಹೊಳಲ್ಕೆರೆ ಮತ್ತು ಹೊಸದುರ್ಗದ ಕಡೆ ಕಾಣುವ ಮಸಾರಿ, ಎಂದರೆ ಮರಳು ಬೆರೆತ ಕೆಂಪು ಮಣ್ಣು, ಮಳೆಯ ಮರುದಿನ ಒಳ್ಳೆಯ ಓಟದ ಹಾದಿಯಾದರೂ ಒಣಗಿದ ಮೇಲೆ ಹರಳುಗಲ್ಲನ್ನು ಎಬ್ಬಿಸಿ ಪ್ರೊಪೆಲ್ಲರಿನ ಅಂಚನ್ನು ಕಚ್ಚುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾಗಿದ್ದ ಕಾವಲುಗಳು ದೂರದಿಂದ ಸಮತಟ್ಟಾಗಿ ಕಂಡರೂ, ಅಲ್ಲಿನ ಹುಲ್ಲು ಗೆಡ್ಡೆಗೆಡ್ಡೆಯಾಗಿ ಬೆಳೆಯುವುದರಿಂದ ಎರಡಂಗುಲದ ಗಾಲಿಗೆ ಪ್ರತಿ ಗೆಡ್ಡೆಯೂ ಒಂದು ಮೆಟ್ಟಿಲಾಗುತ್ತದೆ. ನೆಗ್ಗಿಲು ಮುಳ್ಳು ಚುಚ್ಚಿದ ಸ್ಪಂಜಿನ ಗಾಲಿ ತಿರುಗುವುದಕ್ಕಿಂತ ಉಜ್ಜಿಕೊಂಡು ಹೋಗುವುದೇ ಹೆಚ್ಚು. ಇವೆಲ್ಲಕ್ಕಿಂತ ಒಳ್ಳೆಯ ನೆಲ ಹವ್ಯಾಸಿಗಳಿಗೆ ಸಿಗುತ್ತಿದ್ದುದು ಸುಗ್ಗಿಯ ನಂತರದ ಕಣದಲ್ಲಿ. ರಾಗಿ ಒಕ್ಕಲು ಮಾಡಲೆಂದು ನೀರು ಹಾಯಿಸಿ, ಗುಂಡು ಹೊಡೆದು, ಸೆಗಣಿ ಸಾರಿಸಿದ ಆ ನೆಲ ಉದ್ದದಲ್ಲಿ ಚಿಕ್ಕದಾದರೂ, ಓಟದ ಮೊದಲ ಕೆಲವು ಮೀಟರುಗಳಲ್ಲಿ ತಡೆಯಿಲ್ಲದೆ ವೇಗ ಹೆಚ್ಚಿಸಿಕೊಳ್ಳಲು ವಿಮಾನಕ್ಕೆ ಅನುವು ಮಾಡುತ್ತಿತ್ತು. ಆ ವೇಗ ಕೂಡಿಬಂದ ಮೇಲೆ ರೆಕ್ಕೆ ಭಾರದ ಒಂದು ಪಾಲನ್ನು ಹೊತ್ತಿರುವುದರಿಂದ ಆಚೆಯ ಕೂಳೆಯ ನೆಲ ಅಷ್ಟಾಗಿ ಕಾಡುತ್ತಿರಲಿಲ್ಲ.

ನೆಲ ಸರಿಯಿದ್ದು, ಎಂಜಿನ್ ಸರಿಯಿದ್ದು, ವಿಮಾನ ಸಾಕಷ್ಟು ವೇಗದಲ್ಲಿ ಓಡುತ್ತಿದ್ದರೂ ಏಳದಿದ್ದ ಪ್ರಸಂಗಗಳೇ ಹೆಚ್ಚು ಕಲಿಸಿದವು. ಹಿರಿಯೂರಿನ ಹೊರವಲಯದ ಬಯಲೊಂದರಲ್ಲಿ ಹೀಗೆ ಹಟ ಹಿಡಿದಿದ್ದ, ರೆಕ್ಕೆ ಮೇಲ್ಗಡೆಯಿರುವ ಮೂರು ಗಾಲಿಯ ಮಾದರಿಯೊಂದನ್ನು ಪಕ್ಕದಿಂದ ಕೂತು ಗಮನಿಸಿದವರಿಗೆ ಒಂದು ಸಂಗತಿ ಕಂಡಿತು: ವಿಮಾನ ವೇಗ ಹೆಚ್ಚಿಸಿಕೊಂಡಂತೆಲ್ಲ ಅದರ ಮೂತಿ ಏಳುವ ಬದಲು ಇನ್ನಷ್ಟು ತಗ್ಗುತ್ತಿತ್ತು. ವಿಮಾನವನ್ನು ಮೇಜಿನ ಮೇಲೆ ನಿಲ್ಲಿಸಿ, ಶಾಲಾ ಮಕ್ಕಳ ಕೋನಮಾಪಕ ಮತ್ತು ನೂಲುಗುಂಡಿನಿಂದ ರೆಕ್ಕೆಯ ಓರೆಯನ್ನು ಅಳೆದಾಗ, ಅದು ನೆಲಕ್ಕೆ ಸಮಾನಾಂತರವಾಗಿಯೂ ಇರದೆ ಒಂದೆರಡು ಡಿಗ್ರಿ ಮುಂದಕ್ಕೆ ಬಾಗಿತ್ತು. ಹಿಂದಿನ ಇಳಿತವೊಂದರಲ್ಲಿ ಬಾಗಿದ ಮುಂಗಾಲನ್ನು ನೇರ ಮಾಡುವಾಗ ಅದು ಗಿಡ್ಡವಾಗಿ, ವೇಗ ಹೆಚ್ಚಿದಷ್ಟೂ ಗಾಳಿ ರೆಕ್ಕೆಯನ್ನು ನೆಲಕ್ಕೆ ಒತ್ತುತ್ತಿತ್ತು. ಮುಂಗಾಲನ್ನು ಅರ್ಧ ಅಂಗುಲ ಉದ್ದಮಾಡಿ, ಗಾಲಿಯನ್ನು ಎರಡಂಗುಲದಿಂದ ಮೂರಂಗುಲಕ್ಕೆ ಬದಲಿಸಿ, ರೆಕ್ಕೆ ಎರಡು ಮೂರು ಡಿಗ್ರಿ ಮೇಲ್ಮುಖವಾಗಿ ನಿಲ್ಲುವಂತೆ ಮಾಡಿದ ಮೇಲೆ, ಅದೇ ಎಂಜಿನ್, ಅದೇ ಪ್ರೊಪೆಲ್ಲರ್, ಅದೇ ನೆಲದಿಂದ ವಿಮಾನ ಸಲೀಸಾಗಿ ಎದ್ದಿತು.

ಇದಕ್ಕೆ ಹತ್ತಿರದ ಸಂಬಂಧವಿರುವ ಇನ್ನೊಂದು ದೋಷ ಹಿಂದಿನ ಎರಡು ಗಾಲಿಗಳ ಜಾಗಕ್ಕೆ ಸೇರಿದ್ದು. ವಿಮಾನದ ಗುರುತ್ವ ಕೇಂದ್ರವನ್ನು, ಎಂದರೆ ಬೆರಳುಗಳ ಮೇಲೆ ಎತ್ತಿ ಹಿಡಿದರೆ ವಿಮಾನ ಸಮತೋಲದಲ್ಲಿ ನಿಲ್ಲುವ ಬಿಂದುವನ್ನು, ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಅಳೆದರೆ, ಅಲ್ಲಿಂದ ಹಿಂದಿನ ಅಂಚಿನವರೆಗಿನ ಅಗಲದ ಶೇಕಡಾ 25ರಿಂದ 33ರೊಳಗೆ ಇರಿಸುತ್ತಾರೆ. ಮೂರು ಗಾಲಿಯ ವಿಮಾನದಲ್ಲಿ ಹಿಂದಿನ ಗಾಲಿಗಳು ಈ ಬಿಂದುವಿಗಿಂತ ತುಸುವೇ ಹಿಂದಿರಬೇಕು. ಅವು ಬಹಳ ಹಿಂದೆ ಸರಿದರೆ ಬಾಲದ ಎಲಿವೇಟರ್, ಎಂದರೆ ಮೂತಿಯನ್ನು ಏರಿಸಿ ಇಳಿಸುವ ಪಟ್ಟಿ, ಮೂತಿಯ ಭಾರವನ್ನೆಲ್ಲ ಆ ಗಾಲಿಗಳ ಮೇಲೆ ಹೊರಳಿಸಿ ಎತ್ತಲಾರದೆ ಸೋಲುತ್ತದೆ. ಮೂತಿಯಲ್ಲಿ ಸೀಸ ತುಂಬುತ್ತ ಹೋದ ವಿಮಾನಗಳಲ್ಲಿ ಗಾಲಿಯನ್ನು ಯಾರೂ ಮುಟ್ಟದಿದ್ದರೂ ಗುರುತ್ವ ಕೇಂದ್ರವೇ ಮುಂದಕ್ಕೆ ಸರಿದು ಇದೇ ದೋಷ ಹುಟ್ಟಿಕೊಳ್ಳುತ್ತಿತ್ತು. ಬಾಲದಲ್ಲಿ ಪುಟ್ಟ ಗಾಲಿಯಿರುವ ಹಳೆಯ ಮಾದರಿಯ ವಿಮಾನಗಳಿಗೆ ನಿಯಮ ತಿರುವುಮುರುವು. ಅವುಗಳ ಮುಖ್ಯ ಗಾಲಿಗಳು ಗುರುತ್ವ ಕೇಂದ್ರಕ್ಕಿಂತ ಮುಂದಿರಬೇಕು, ಇಲ್ಲವಾದರೆ ಓಟದಲ್ಲಿಯೇ ಮುಗ್ಗರಿಸಿ ಪ್ರೊಪೆಲ್ಲರ್ ಮುರಿದುಕೊಳ್ಳುತ್ತವೆ.

ಬಲ ನಿಜವಾಗಿಯೂ ಕಡಿಮೆಯಾಗಿದ್ದ ಸಂದರ್ಭಗಳಲ್ಲಿಯೂ ಕಾರಣ ಎಂಜಿನ್ನಿನ ಒಳಗೆ ಇರುತ್ತಿದ್ದುದು ಕಡಿಮೆ. ಪ್ರೊಪೆಲ್ಲರಿನ ಮೇಲೆ 10×6 ಎಂದು ಅಚ್ಚಾಗಿದ್ದರೆ ಅದರ ಉದ್ದ 10 ಅಂಗುಲ, ಒಂದು ಸುತ್ತಿಗೆ ಜಾರುವಿಕೆಯಿಲ್ಲದೆ ಅದು ಮುಂದೆ ಸಾಗಬೇಕಾದ ದೂರ 6 ಅಂಗುಲ ಎಂದರ್ಥ. ಎರಡನೆಯ ಅಂಕಿ ದೊಡ್ಡದಾದಷ್ಟೂ ಹಾರಾಟದಲ್ಲಿ ವೇಗ ಹೆಚ್ಚಾದರೂ ನಿಂತಲ್ಲಿಂದ ಹೊರಡುವಾಗಿನ ಎಳೆತ ತಗ್ಗುತ್ತದೆ, ಬಸ್ಸನ್ನು ಟಾಪ್ ಗೇರಿನಲ್ಲಿ ಹೊರಡಿಸಿದಂತೆ. ನಿಮಿಷಕ್ಕೆ 11,000 ಸುತ್ತು ತಿರುಗುವ 10×6 ಪ್ರೊಪೆಲ್ಲರ್ ಗಂಟೆಗೆ ನೂರು ಕಿಲೋಮೀಟರಿನ ಗಾಳಿಗೆ ಸಜ್ಜಾಗಿರುತ್ತದೆ. ನಲವತ್ತು ಕಿಲೋಮೀಟರಿನಲ್ಲಿ ನೆಲ ಬಿಡಬೇಕಾದ ತರಬೇತಿ ವಿಮಾನಕ್ಕೆ ಅಷ್ಟು ಬೇಕಿಲ್ಲವಾದ್ದರಿಂದ, ತೆಳುಗಾಳಿಯ ಈ ಸೀಮೆಯಲ್ಲಿ 11×5 ಅಥವಾ 11×4ರಂಥ ಉದ್ದನೆಯ, ಕಡಿಮೆ ಓರೆಯ ಪ್ರೊಪೆಲ್ಲರಿಗೆ ಬದಲಾಯಿಸಿದವರು ಓಟದ ಉದ್ದವನ್ನು ಗಣನೀಯವಾಗಿ ಇಳಿಸಿಕೊಂಡರು. ಪ್ರೊಪೆಲ್ಲರನ್ನು ಹಿಂದುಮುಂದಾಗಿ ಕೂರಿಸಿದ್ದೂ ಉಂಟು. ಆಗಲೂ ಅದು ಗಾಳಿಯನ್ನು ಹಿಂದಕ್ಕೇ ನೂಕುವುದರಿಂದ ದೋಷ ಥಟ್ಟನೆ ಗೊತ್ತಾಗುವುದಿಲ್ಲ, ನೂಕುಬಲ ಮಾತ್ರ ಬಹಳಷ್ಟು ಕುಸಿದಿರುತ್ತದೆ. ಅಂಕಿ ಅಚ್ಚಾಗಿರುವ, ಉಬ್ಬಿದ ಮೈ ವಿಮಾನ ಸಾಗುವ ದಿಕ್ಕಿಗೆ ಮುಖಮಾಡಿರಬೇಕು ಎಂಬ ಸರಳ ನಿಯಮ ಇದಕ್ಕೆ ಸಾಕು.

ಗ್ಲೋ ಎಂಜಿನ್ನುಗಳ ವಿಷಯದಲ್ಲಿ ಎತ್ತರದ ಊರಿಗೆ ಬಂದಾಗ ಗಾಳಿ ತೆಳುವಾಗಿ ಇಂಧನದ ಪಾಲು ಹೆಚ್ಚಾಗುವುದರಿಂದ, ಕರಾವಳಿಯಲ್ಲಿ ಹೊಂದಿಸಿದ ಸೂಜಿ ಕವಾಟವನ್ನು ಇಲ್ಲಿ ತುಸು ಬಿಗಿ ಮಾಡಬೇಕಾಗುತ್ತದೆ. ಹಾಗೆ ಬಿಗಿ ಮಾಡಿದ ಮೇಲೆ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು, ಎಂಜಿನ್ನಿನ ಸದ್ದು ಕುಗ್ಗದಿರುವುದನ್ನು ಖಚಿತಪಡಿಸಿಕೊಳ್ಳದಿದ್ದರೆ ಏರುವ ಹೊತ್ತಿನಲ್ಲಿಯೇ ಅದು ಬಾಯಾರಿ ನಿಲ್ಲುತ್ತದೆ. ಬಳಿಕ ಬಳಕೆಗೆ ಬಂದ ಲಿಥಿಯಂ ಪಾಲಿಮರ್ ಬ್ಯಾಟರಿಯ ವಿಮಾನಗಳಲ್ಲಿ ಈ ತಾಪತ್ರಯ ಇಲ್ಲವಾದರೂ ಅವಕ್ಕೆ ತಮ್ಮದೇ ಕಾಯಿಲೆಗಳಿವೆ. ಪೂರ್ತಿ ಚಾರ್ಜಾದ ಮೂರು ಸೆಲ್ಲಿನ ಬ್ಯಾಟರಿ ನಿಂತಾಗ 12.6 ವೋಲ್ಟ್ ತೋರಿಸಿದರೂ, ಹಳೆಯದಾಗಿದ್ದರೆ ಮೋಟಾರು ಪೂರ್ತಿ ವಿದ್ಯುತ್ ಕೇಳಿದ ಕ್ಷಣದಲ್ಲಿ ಹತ್ತು ವೋಲ್ಟಿನ ಆಸುಪಾಸಿಗೆ ಕುಸಿಯುತ್ತದೆ. ಆದ್ದರಿಂದ ಮೀಟರನ್ನು ಮೋಟಾರು ತಿರುಗುತ್ತಿರುವಾಗಲೇ ನೋಡಬೇಕು. ಮೋಟಾರಿನ ವೇಗ ನಿಯಂತ್ರಕಕ್ಕೆ ಟ್ರಾನ್ಸ್‌ಮಿಟರಿನ ಕೋಲಿನ ಕೊನೆಯ ಮಿತಿಯನ್ನು ಪರಿಚಯಿಸದೆ ಇದ್ದರೆ, ಕೋಲನ್ನು ತುದಿಯವರೆಗೆ ತಳ್ಳಿದರೂ ಮೋಟಾರು ಮುಕ್ಕಾಲು ಬಲದಲ್ಲಿಯೇ ಓಡಬಹುದು.

ಎತ್ತರ ಮತ್ತು ಬಿಸಿಲು ಕಸಿದುಕೊಂಡದ್ದನ್ನು ಈ ಸೀಮೆ ಗಾಳಿಯ ರೂಪದಲ್ಲಿ ಹಿಂದಿರುಗಿಸುತ್ತದೆ. ವಿಮಾನಕ್ಕೆ ಬೇಕಾದದ್ದು ನೆಲದ ಮೇಲಿನ ವೇಗವಲ್ಲ, ಗಾಳಿಯೊಳಗಿನ ವೇಗ. ಗಂಟೆಗೆ ಹತ್ತು ಕಿಲೋಮೀಟರಿನ ಎದುರುಗಾಳಿ ಇದ್ದರೆ ನಲವತ್ತರ ಬದಲು ಮೂವತ್ತು ಕಿಲೋಮೀಟರ್ ಓಟದಲ್ಲಿಯೇ ಅದು ಏಳುತ್ತದೆ, ಮತ್ತು ಓಟದ ಉದ್ದ ವೇಗದ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ ಬೇಕಾಗುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಚಿತ್ರದುರ್ಗದ ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳು ಎದ್ದ ಮೇಲೆ ಹವ್ಯಾಸಿಗಳಿಗೆ ದಿಕ್ಕು ತಿಳಿಯುವುದೂ ಸುಲಭವಾಯಿತು. ಅವು ಯಾವ ಕಡೆ ಮುಖಮಾಡಿವೆಯೋ ಆ ಕಡೆಗೆ ಓಟದ ಹಾದಿಯನ್ನು ಆರಿಸಿಕೊಳ್ಳುತ್ತಿದ್ದರು. ಆದರೆ ಗುಡ್ಡದ ನೆತ್ತಿಯ ಗಾಳಿ ಮತ್ತು ಗುಡ್ಡದ ಮರೆಯ ಬಯಲಿನ ಗಾಳಿ ಒಂದೇ ಅಲ್ಲದ್ದರಿಂದ, ಕೋಲಿಗೆ ಕಟ್ಟಿದ ರಿಬ್ಬನ್ನಿನ ಸಾಕ್ಷಿಯನ್ನೂ ಕೇಳಬೇಕಾಗಿತ್ತು. ಬೇಸಿಗೆಯ ಮಧ್ಯಾಹ್ನ ಸೋತ ವಿಮಾನ ಆಷಾಢದ ತಂಪು ಗಾಳಿಯಲ್ಲಿ ನಾಲ್ಕು ಮಾರು ಓಡಿ ಎದ್ದದ್ದನ್ನು ಕಂಡವರು, ಅದೇ ಗಾಳಿ ಇಳಿಯುವ ಹೊತ್ತಿಗೆ ರೆಕ್ಕೆಯನ್ನು ಮಗುಚಿದ್ದನ್ನೂ ಕಂಡಿದ್ದಾರೆ.

ಇಷ್ಟೆಲ್ಲ ಸರಿಯಿದ್ದರೂ ಹಾರಿಸುವವರ ಅವಸರ ಕೆಲಸ ಕೆಡಿಸುವುದುಂಟು. ಓಟದ ಆರಂಭದಲ್ಲಿಯೇ ಎಲಿವೇಟರನ್ನು ಪೂರ್ತಿ ಎಳೆದು ಹಿಡಿದರೆ ರೆಕ್ಕೆ ಅತಿಯಾದ ಕೋನದಲ್ಲಿ ಗಾಳಿಯನ್ನು ತಡೆದು ವೇಗವನ್ನೇ ಕೊಲ್ಲುತ್ತದೆ. ವೇಗ ಸಾಲದೆ ಎದ್ದ ವಿಮಾನ ಸ್ಟಾಲ್ ಆಗಿ, ಎಂದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು ಎತ್ತುವ ಬಲ ಕುಸಿದು, ಸಾಮಾನ್ಯವಾಗಿ ಎಡಕ್ಕೆ ವಾಲಿ ಬೀಳುತ್ತದೆ. ಪ್ರೊಪೆಲ್ಲರ್ ತಿರುಗುವಿಕೆಯ ಪ್ರತಿಕ್ರಿಯೆ ವಿಮಾನವನ್ನು ಎಡಕ್ಕೆ ಎಳೆಯುವುದರಿಂದ ಬಲವನ್ನು ಒಮ್ಮೆಗೇ ತೆರೆಯದೆ ಮೆಲ್ಲಗೆ ಹೆಚ್ಚಿಸುತ್ತ, ರಡ್ಡರನ್ನು, ಎಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿಯನ್ನು, ತುಸು ಬಲಕ್ಕೆ ಕೊಡುವುದು ಕಲಿತ ಕೈಯ ಲಕ್ಷಣ.

ಈ ಪಾಠಗಳು ಆಟಿಕೆಗಳಿಗೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಇದೇ ಜಿಲ್ಲೆ ಸಾಕ್ಷಿಯಾಗಿದೆ. ಚಳ್ಳಕೆರೆ ತಾಲ್ಲೂಕಿನ ಕಾವಲು ಭೂಮಿಯಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಎಂದರೆ ಡಿಆರ್‌ಡಿಒ, ಕಟ್ಟಿದ ವೈಮಾನಿಕ ಪರೀಕ್ಷಾ ವಲಯದಿಂದ 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಮೊದಲ ಬಾರಿ ಹಾರಿತು. ತಪಸ್ ಎಂದು ಹೆಸರಾದ ಅದರ ಬೆಳವಣಿಗೆಯಲ್ಲಿ ನಿರೀಕ್ಷೆಗಿಂತ ಹೆಚ್ಚಾದ ತೂಕವೇ ದೊಡ್ಡ ತೊಡಕಾಯಿತು. 2023ರ ಆಗಸ್ಟಿನಲ್ಲಿ ಆ ಮಾದರಿಯ ವಿಮಾನವೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದದ್ದು ಜಿಲ್ಲೆಯ ಜನರಿಗೆ ನೆನಪಿದೆ. 2022ರ ಜುಲೈ 1ರಂದು ಬಾಲವಿಲ್ಲದ, ಬರೀ ರೆಕ್ಕೆಯ ಆಕಾರದ ಸ್ವಯಂಚಾಲಿತ ವಿಮಾನ ಇದೇ ಪರೀಕ್ಷಾ ವಲಯದಿಂದ ಎದ್ದಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ ಅದು ತಾನಾಗಿಯೇ ಅಲ್ಲಿನ ರನ್‌ವೇಯಲ್ಲಿ ಇಳಿಯಿತು. ಟನ್ನುಗಟ್ಟಲೆ ತೂಗುವ ಆ ವಿಮಾನಗಳ ಎಂಜಿನಿಯರುಗಳೂ ಬಿಸಿಲು, ಎತ್ತರ, ತೂಕ ಮತ್ತು ಎದುರುಗಾಳಿಗಳ ಲೆಕ್ಕವನ್ನೇ ಮೊದಲು ಮಾಡುತ್ತಾರೆ.

ಇಂದು ಈ ಹವ್ಯಾಸಕ್ಕೆ ಬರುವ ಕಾಲೇಜು ವಿದ್ಯಾರ್ಥಿಗಳಿಗೆ ಸಾಮಗ್ರಿಯ ಕೊರತೆಯಿಲ್ಲ. ಬೇಕಾಗಿರುವುದು ಹುಡುಕುವ ಕ್ರಮ. ವಿಮಾನ ನೆಲ ಬಿಡದಿದ್ದರೆ ಮೊದಲು ಗಾಲಿ ಮತ್ತು ನೆಲ, ಆಮೇಲೆ ರೆಕ್ಕೆಯ ಓರೆ ಮತ್ತು ಗುರುತ್ವ ಕೇಂದ್ರ, ಆಮೇಲೆ ತೂಕ, ಆಮೇಲೆ ಪ್ರೊಪೆಲ್ಲರ್, ಎಲ್ಲಕ್ಕೂ ಕೊನೆಗೆ ಎಂಜಿನ್ ಅಥವಾ ಮೋಟಾರು ಎಂಬ ಸಾಲನ್ನು ಹಿಡಿದು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಆ ದಿನದ ಉಷ್ಣತೆ, ಗಾಳಿ ಮತ್ತು ಓಟದ ಉದ್ದವನ್ನು ಪುಸ್ತಕದಲ್ಲಿ ಬರೆದಿಡಬೇಕು. 2021ರ ಡ್ರೋನ್ ನಿಯಮಗಳು 25 ಕಿಲೋವರೆಗಿನ, ಕಣ್ಣಳತೆಯಲ್ಲಿ ಹಾರಿಸುವ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತವೆಯಾದರೂ, ಎಲ್ಲಿ ಹಾರಿಸಬಹುದು ಎಂಬುದನ್ನು ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ನೋಡಿಕೊಂಡೇ ಬಯಲಿಗೆ ಇಳಿಯಬೇಕು. ಪರೀಕ್ಷಾ ವಲಯವಿರುವ ಈ ಜಿಲ್ಲೆಯಲ್ಲಿ ಅದು ಇನ್ನೂ ಅಗತ್ಯ. ಹೊಸ ಎಂಜಿನ್ನಿಗೆ ಹಣ ಹೊಂದಿಸುವ ಮುನ್ನ ಸಂತೆಯಿಂದ ಒಂದು ಸ್ಪ್ರಿಂಗ್ ತಕ್ಕಡಿ ಕೊಳ್ಳುವುದು ಹೆಚ್ಚು ಲಾಭದ ವ್ಯವಹಾರ.